ಪ್ರಕಟಣೆಯ ಹೊಣೆ



ನಮ್ಮ ಸಂಘ-ಸಂಸ್ಥೆಗಳು, ಸರ್ಕಾರಿ ಕಚೇರಿಗಳು, ಕಾಲೇಜುಗಳು, ಸಹಕಾರ ಸಂಘಗಳು ಪತ್ರಿಕೆಗಳಿಗೆ ಕಳುಹಿಸುವ ಬರಹಗಳ ಕೊನೆಯಲ್ಲಿ ‘ಪ್ರಕಟಣೆಯ ಕೃಪೆಗಾಗಿ’ ಎಂಬ ಸಾಲು ಇರುವುದು ವಾಡಿಕೆ. ಆ ಸಾಲಿನ ವಿನಯಕ್ಕೆ ನನ್ನ ತಕರಾರಿಲ್ಲ. ಅದರ ಹಿಂದಿರುವ ತಿಳಿವಳಿಕೆಯನ್ನು ಮಾತ್ರ ಪರೀಕ್ಷಿಸಬೇಕು ಅನ್ನಿಸುತ್ತದೆ. ಸುದ್ದಿ ಅಚ್ಚಾಗುವುದು ಪತ್ರಿಕೆಯವರು ಮಾಡುವ ಉಪಕಾರ, ಆದ್ದರಿಂದ ಪ್ರಕಟಣೆ ಬರೆಯುವ ಜಾಣ್ಮೆಯೆಂದರೆ ಸಂಪಾದಕರನ್ನು ಒಲಿಸಿಕೊಳ್ಳುವ ಜಾಣ್ಮೆ ಎಂಬ ನಂಬಿಕೆ ಅಲ್ಲಿ ಕೆಲಸ ಮಾಡುತ್ತಿದೆ. ಪತ್ರಿಕೆಯ ಕಡೆಯಿಂದ ನೋಡಿದರೆ ಚಿತ್ರ ಬೇರೆ. ಅಂಥ ಬರಹವನ್ನು ಅಚ್ಚು ಹಾಕುವಾಗ ಉಪಸಂಪಾದಕರು ಕೊನೆಗೆ ‘ಎಂದು ಪ್ರಕಟಣೆ ತಿಳಿಸಿದೆ’ ಎಂದು ಸೇರಿಸುತ್ತಾರೆ. ಓದುಗ ಆ ಮಾತುಗಳ ಮೇಲೆ ಕಣ್ಣು ಹಾಯಿಸಿ ಮುಂದೆ ಹೋಗುತ್ತಾನೆ. ಆದರೆ ಹೇಳಿದ್ದರ ಹೊಣೆಯನ್ನು ಪತ್ರಿಕೆ ಅಲ್ಲಿಯೇ, ಹೇಳಿದವರ ಕೈಗೇ ಒಪ್ಪಿಸಿರುತ್ತದೆ. ಇದು ನಮ್ಮ ವರದಿಗಾರಿಕೆ ರೂಢಿಸಿಕೊಂಡಿರುವ ಶಿಸ್ತು. ಈ ಶಿಸ್ತನ್ನು ಬರೆಯುವವರೂ ಅರಿತರೆ ಪ್ರಕಟಣೆಯ ಸ್ವರೂಪವೇ ಬದಲಾಗುತ್ತದೆ. ನನ್ನ ವಾದ ಇಷ್ಟು: ಪತ್ರಿಕಾ ಪ್ರಕಟಣೆ ಸಾರ್ವಜನಿಕರ ಮುಂದೆ ಸಹಿ ಹಾಕಿ ಕೊಡುವ ಹೇಳಿಕೆ. ಓದುಗ ಅದನ್ನು ನಂಬಿ ಒಂದು ಕೆಲಸ ಮಾಡಲು ಆಗಬೇಕು, ನಾಳೆ ಯಾರಾದರೂ ಪ್ರಶ್ನಿಸಿದರೆ ಅದು ನಿಲ್ಲಬೇಕು. ಪ್ರಕಟಣೆ ಪರಿಣಾಮಕಾರಿಯೋ ಅಲ್ಲವೋ ಎಂಬುದಕ್ಕೆ ಈ ಎರಡೇ ಒರೆಗಲ್ಲು. ಎಷ್ಟು ಪತ್ರಿಕೆಗಳಲ್ಲಿ, ಎಷ್ಟು ಕಾಲಂ ಬಂತು ಎಂಬ ಲೆಕ್ಕ ಇವೆರಡರ ನಂತರದ್ದು.

ಇದು ಆದರ್ಶದ ಮಾತಾಯಿತು, ವ್ಯವಹಾರದಲ್ಲಿ ನಡೆಯುವುದಿಲ್ಲ ಎಂದು ಹೇಳುವವರಿದ್ದಾರೆ. ಅವರಿಗೆ ಉತ್ತರ ಪ್ರಕಟಣೆಯ ಚರಿತ್ರೆಯಲ್ಲೇ ಇದೆ. 1906ರ ಅಕ್ಟೋಬರ್ 28ರಂದು ಅಮೆರಿಕದ ಅಟ್ಲಾಂಟಿಕ್ ಸಿಟಿಯ ಹತ್ತಿರ ಪೆನ್ಸಿಲ್ವೇನಿಯಾ ರೈಲು ಕಂಪನಿಯ ವಿದ್ಯುತ್ ರೈಲೊಂದು ಸೇತುವೆಯ ಮೇಲೆ ಹಳಿ ತಪ್ಪಿ ನೀರಿಗೆ ಬಿತ್ತು. ಐವತ್ತಕ್ಕೂ ಹೆಚ್ಚು ಜನ ಸತ್ತರು. ಅಪಘಾತವಾದಾಗ ಬಾಯಿ ಬಿಡದಿರುವುದು, ವರದಿಗಾರರನ್ನು ಹತ್ತಿರ ಸೇರಿಸದಿರುವುದು ಆ ಕಾಲದ ರೈಲು ಕಂಪನಿಗಳ ಪದ್ಧತಿ. ಹಿಂದೆ ಪತ್ರಕರ್ತರಾಗಿದ್ದು ಆಗ ಕಂಪನಿಯ ಪ್ರಚಾರದ ಕೆಲಸ ನೋಡುತ್ತಿದ್ದ ಐವಿ ಲೀ ಎಂಬವರು ಈ ಪದ್ಧತಿಯನ್ನು ಮುರಿದರು. ಘಟನೆಯ ಬಗ್ಗೆ ಕಂಪನಿಗೆ ತಿಳಿದದ್ದನ್ನು ಬರೆದು ಪತ್ರಿಕೆಗಳಿಗೆ ಕೊಟ್ಟರು. ಎರಡು ದಿನಗಳ ನಂತರ ನ್ಯೂಯಾರ್ಕ್ ಟೈಮ್ಸ್ ಆ ಹೇಳಿಕೆಯನ್ನು ಇದ್ದಂತೆಯೇ ಅಚ್ಚು ಹಾಕಿತು. ಆಧುನಿಕ ಪತ್ರಿಕಾ ಪ್ರಕಟಣೆಯ ಆರಂಭವನ್ನು ಸಾಮಾನ್ಯವಾಗಿ ಇಲ್ಲಿಂದಲೇ ಗುರುತಿಸುತ್ತಾರೆ. ಅದೇ ವರ್ಷ ಲೀ ಸಂಪಾದಕರಿಗೆ ತಮ್ಮ ಕೆಲಸದ ತತ್ವಗಳನ್ನೂ ಬರೆದು ಕಳುಹಿಸಿದ್ದರು. ಅದರ ಸಾರವೇನೆಂದರೆ, ನಾವು ಮಾಡುವುದೆಲ್ಲ ಬಹಿರಂಗ, ನಾವು ಕೊಡುವುದು ಸುದ್ದಿ, ಇದು ಜಾಹೀರಾತು ವಿಭಾಗಕ್ಕೆ ಸೇರಬೇಕಾದದ್ದು ಅನ್ನಿಸಿದರೆ ದಯವಿಟ್ಟು ಬಳಸಬೇಡಿ, ಕೊಟ್ಟ ವಿವರವನ್ನು ಪರಿಶೀಲಿಸಲು ಬೇಕಾದ ನೆರವು ಕೊಡುತ್ತೇವೆ. ಗಮನಿಸಬೇಕಾದ ಸಂಗತಿ ಏನೆಂದರೆ, ಲೀ ಅವರಿಗೆ ಹಣ ಕೊಡುತ್ತಿದ್ದದ್ದು ಕಂಪನಿಯೇ. ಅವರು ಕೆಲಸ ಮಾಡಿದ್ದು ಕಂಪನಿಯ ಹಿತಕ್ಕಾಗಿಯೇ. ಸತ್ಯ ಹೇಳುವುದು ಕಂಪನಿಯ ಹಿತಕ್ಕೆ ವಿರುದ್ಧವಲ್ಲ ಎಂಬುದನ್ನು ಅವರು ಕಂಡುಕೊಂಡಿದ್ದರು.

ಅದೇ ಮನುಷ್ಯನ ಎಂಟು ವರ್ಷಗಳ ಅನಂತರದ ಕಥೆಯನ್ನು ಹೇಳದೆ ಇಲ್ಲಿಗೇ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. 1914ರ ಏಪ್ರಿಲ್ 20ರಂದು ಕೊಲರಾಡೋ ರಾಜ್ಯದ ಲಡ್ಲೋ ಎಂಬಲ್ಲಿ ಮುಷ್ಕರ ಹೂಡಿದ್ದ ಕಲ್ಲಿದ್ದಲು ಕಾರ್ಮಿಕರ ಡೇರೆಗಳಿಗೆ ಬೆಂಕಿ ಬಿತ್ತು. ಗುಂಡಿನ ದಾಳಿಗೆ ಹೆದರಿ ಡೇರೆಯ ಕೆಳಗಿನ ಹೊಂಡದಲ್ಲಿ ಅಡಗಿದ್ದ ಇಬ್ಬರು ಹೆಂಗಸರು, ಹನ್ನೊಂದು ಮಕ್ಕಳು ಉಸಿರುಗಟ್ಟಿ ಸತ್ತರು. ಗಣಿಯ ಒಡೆತನದಲ್ಲಿ ದೊಡ್ಡ ಪಾಲಿದ್ದ ರಾಕ್‌ಫೆಲರ್ ಕುಟುಂಬ ಲೀ ಅವರನ್ನು ನೇಮಿಸಿಕೊಂಡಿತು. ಅವರು ಸರಣಿಯಾಗಿ ಪ್ರಕಟಣಾ ಪತ್ರಗಳನ್ನು ಹೊರಡಿಸಿದರು. ಬರವಣಿಗೆ ಹಿಂದಿನಷ್ಟೇ ನಯವಾಗಿತ್ತು, ಅಂಕಿ-ಅಂಶಗಳೂ ತುಂಬಿದ್ದವು. ಆದರೆ ಕಾರ್ಮಿಕ ನಾಯಕರ ಇಡೀ ವರ್ಷದ ಸಂಬಳ, ಖರ್ಚುಗಳನ್ನು ಒಂಬತ್ತು ವಾರಗಳ ಗಳಿಕೆಯೆಂದು ಅಲ್ಲಿ ತೋರಿಸಲಾಗಿತ್ತು. ಕೈಗಾರಿಕಾ ಸಂಬಂಧಗಳ ಬಗ್ಗೆ ವಿಚಾರಣೆ ನಡೆಸುತ್ತಿದ್ದ ಅಮೆರಿಕ ಸರ್ಕಾರದ ಆಯೋಗದ ಮುಂದೆ ಲೀ ನಿಂತಾಗ, ವಿವರಗಳನ್ನು ಗಣಿ ಕಂಪನಿಯವರಿಂದ ಪಡೆದದ್ದಾಗಿಯೂ ತಾವಾಗಿ ಪರಿಶೀಲಿಸಲಿಲ್ಲವೆಂದೂ ಒಪ್ಪಿಕೊಳ್ಳಬೇಕಾಯಿತು. ಕಾದಂಬರಿಕಾರ ಅಪ್ಟನ್ ಸಿಂಕ್ಲೇರ್ ಕೊಟ್ಟ ‘ಪಾಯ್ಸನ್ ಐವಿ’ (ವಿಷಬಳ್ಳಿ) ಎಂಬ ಅಡ್ಡಹೆಸರು ಜೀವನದುದ್ದಕ್ಕೂ ಅವರಿಗೆ ಅಂಟಿಕೊಂಡಿತು. ಒಬ್ಬನೇ ಬರಹಗಾರ, ಅದೇ ಕೌಶಲ, ಅದೇ ಪತ್ರಿಕೆಗಳು. 1906ರ ಪ್ರಕಟಣೆ ಕಂಪನಿಯ ಮೇಲೆ ವಿಶ್ವಾಸ ಹುಟ್ಟಿಸಿತು, 1914ರದು ಬರೆದವರನ್ನೂ ಬರೆಸಿದವರನ್ನೂ ಕಟಕಟೆಗೆ ತಂದಿತು. ಎರಡರ ನಡುವಿನ ವ್ಯತ್ಯಾಸ ಶೈಲಿಯಲ್ಲಿ ಇರಲಿಲ್ಲ. ಸಹಿ ಹಾಕುವ ಮೊದಲು ಅಂಕಿಯನ್ನು ಮೂಲ ದಾಖಲೆಯೊಂದಿಗೆ ತಾಳೆ ನೋಡಿದರೋ ಇಲ್ಲವೋ ಎಂಬಲ್ಲಿ ಇತ್ತು.

ಇವು ನೂರು ವರ್ಷ ಹಿಂದಿನ ಎರಡು ನಿದರ್ಶನಗಳು ಮಾತ್ರ, ಇವುಗಳಿಂದ ನಿಯಮ ಕಟ್ಟಲಾಗದು ಎಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕೆ ಹತ್ತಿರದ ಕಾಲದ, ಎಣಿಸಿ ನೋಡಿದ ಸಾಕ್ಷ್ಯವೂ ಇದೆ. ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಲ್ಲಿನ 20 ಪ್ರಮುಖ ವಿಶ್ವವಿದ್ಯಾಲಯಗಳು 2011ರಲ್ಲಿ ಆರೋಗ್ಯ ಸಂಶೋಧನೆಯ ಬಗ್ಗೆ ಹೊರಡಿಸಿದ 462 ಪ್ರಕಟಣೆಗಳನ್ನು ಅವರು ಮೂಲ ಪ್ರಬಂಧಗಳ ಜೊತೆಗೂ, ಪತ್ರಿಕೆಗಳಲ್ಲಿ ಬಂದ ಸುದ್ದಿಗಳ ಜೊತೆಗೂ ಹೋಲಿಸಿದರು. ಜನರಿಗೆ ಕೊಡುವ ಸಲಹೆಯನ್ನು ಮೂಲ ಪ್ರಬಂಧಕ್ಕಿಂತ ಹಿಗ್ಗಿಸಿ ಹೇಳಿದ್ದು ಶೇ 40ರಷ್ಟು ಪ್ರಕಟಣೆಗಳಲ್ಲಿ ಕಂಡಿತು. ಎರಡು ಸಂಗತಿಗಳು ಒಟ್ಟಿಗೆ ಕಂಡದ್ದನ್ನು ಒಂದು ಇನ್ನೊಂದಕ್ಕೆ ಕಾರಣವೆಂದು ಹೇಳಿಬಿಟ್ಟದ್ದು ಶೇ 33ರಷ್ಟರಲ್ಲಿ. ಪ್ರಾಣಿಗಳ ಮೇಲಿನ ಪ್ರಯೋಗದ ಫಲವನ್ನು ಮನುಷ್ಯರಿಗೆ ಅನ್ವಯಿಸಿದ್ದು ಶೇ 36ರಷ್ಟರಲ್ಲಿ. ಪ್ರಕಟಣೆಯೇ ಕಾರಣವನ್ನು ಉತ್ಪ್ರೇಕ್ಷಿಸಿದ್ದಾಗ ಶೇ 81ರಷ್ಟು ಸುದ್ದಿಗಳಲ್ಲಿ ಅದೇ ಉತ್ಪ್ರೇಕ್ಷೆ ಇತ್ತು. ಪ್ರಕಟಣೆ ಸಂಯಮದಿಂದ ಇದ್ದಾಗ ಅದು ಶೇ 18ಕ್ಕೆ ಇಳಿದಿತ್ತು. ಪತ್ರಿಕೆಗಳು ಎಲ್ಲವನ್ನೂ ಹಿಗ್ಗಿಸಿ ಬರೆಯುತ್ತವೆ ಎಂಬ ದೂರಿನ ಬಹುಭಾಗ ಹೀಗೆ ದೂರುವವರ ಕಚೇರಿಗೇ ಮರಳುತ್ತದೆ.

ಆದರೆ ಈ ಅಧ್ಯಯನದಲ್ಲಿ ನನಗೆ ಬಹಳ ಮುಖ್ಯವಾಗಿ ಕಂಡದ್ದು ಬೇರೆ. ಹಿಗ್ಗಿಸಿ ಬರೆದ ಪ್ರಕಟಣೆಗಳು ಹೆಚ್ಚು ಅಚ್ಚಾದವು ಎನ್ನುವುದಕ್ಕೆ ಅಲ್ಲಿ ಹೇಳಿಕೊಳ್ಳುವಂಥ ಆಧಾರ ಸಿಗಲಿಲ್ಲ. ಉತ್ಪ್ರೇಕ್ಷೆ ಮಾಡುವವರು ತಪ್ಪೆಂದು ಗೊತ್ತಿದ್ದೂ ಮಾಡುವುದು, ಇಲ್ಲದಿದ್ದರೆ ಯಾರು ಹಾಕುತ್ತಾರೆ ಎಂಬ ಭಯದಿಂದ. ಆ ಭಯಕ್ಕೇ ಆಧಾರವಿಲ್ಲ ಎಂದಾಯಿತು. ಇದೇ ಬಳಗದವರು 2019ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಂಬತ್ತು ಸಂಸ್ಥೆಗಳ ಮಾಧ್ಯಮ ವಿಭಾಗಗಳ 312 ಪ್ರಕಟಣೆಗಳನ್ನು ಹೊರಡುವ ಮೊದಲೇ ಪಡೆದು, ಯಾದೃಚ್ಛಿಕವಾಗಿ ಕೆಲವುಗಳ ಹೇಳಿಕೆಗಳನ್ನು ಸಾಕ್ಷ್ಯದ ಮಟ್ಟಕ್ಕೆ ತಗ್ಗಿಸಿದರು, ಕೆಲವುಗಳಲ್ಲಿ ಈ ಅಧ್ಯಯನದಿಂದ ಕಾರಣ ಸಾಬೀತಾಗುವುದಿಲ್ಲ ಎಂಬಂಥ ಎಚ್ಚರಿಕೆಯ ಮಾತು ಸೇರಿಸಿದರು. ಹಾಗೆ ತಗ್ಗಿಸಿದ್ದರಿಂದ ಪ್ರಕಟಣೆಗಳು ಮೂಲೆಗೆ ಬಿದ್ದವು ಎನ್ನಲು ಪುರಾವೆ ಕಾಣಲಿಲ್ಲ. ಬ್ರಿಟನ್ನಿನ ಆರೋಗ್ಯ ಸುದ್ದಿಗೆ ಹೊಂದಿದ್ದು ನಮ್ಮ ಜಿಲ್ಲಾ ಪುಟಗಳಿಗೆ ಹೊಂದುತ್ತದೆಯೇ ಎಂದು ಕೇಳಬಹುದು. ಅಂಕಿಗಳು ಹಾಗೆಯೇ ಹೊಂದುತ್ತವೆ ಎಂದು ನಾನು ಹೇಳುವುದಿಲ್ಲ. ಆದರೆ ಕಾರಣ ಎರಡು ಕಡೆಯೂ ಒಂದೇ. ಡೆಸ್ಕ್‌ನಲ್ಲಿ ಕೂತವರಿಗೆ ಬೇಕಾದದ್ದು ಪುಟ ಬಿಡುವ ಹೊತ್ತಿಗೆ ಕೈಯಲ್ಲಿ ಇರುವ, ನಂಬಬಹುದಾದ, ಅರ್ಥವಾಗುವ ಸಂಗತಿ. ‘ಐತಿಹಾಸಿಕ’, ‘ಅಭೂತಪೂರ್ವ’, ‘ರಾಜ್ಯದಲ್ಲೇ ಪ್ರಥಮ’ ಎಂಬ ವಿಶೇಷಣಗಳನ್ನು ಉಪಸಂಪಾದಕರು ಮೊದಲು ಹೊಡೆದುಹಾಕುತ್ತಾರೆ. ‘ರಾಜ್ಯದಲ್ಲೇ ಪ್ರಥಮ’ ಎಂಬುದನ್ನು ಯಾರೂ ಪರಿಶೀಲಿಸದೆ ಅಚ್ಚು ಹಾಕಿದರೂ, ಮಾರನೆಯ ದಿನ ಪಕ್ಕದ ಜಿಲ್ಲೆಯಿಂದ ಆಕ್ಷೇಪದ ಪತ್ರ ಬಂದರೆ ಆ ಸಂಸ್ಥೆಯ ಮುಂದಿನ ಪ್ರಕಟಣೆಗಳನ್ನೆಲ್ಲ ಅನುಮಾನದಿಂದಲೇ ಓದುತ್ತಾರೆ.

ಓದುಗನಿಗೆ ಕೆಲಸಕ್ಕೆ ಬರುವ ಪ್ರಕಟಣೆಯ ಮಾದರಿ ಹುಡುಕಲು ದೂರ ಹೋಗಬೇಕಿಲ್ಲ. ನಮ್ಮ ವಿದ್ಯುತ್ ಕಂಪನಿಗಳು ಹೊರಡಿಸುವ ವಿದ್ಯುತ್ ವ್ಯತ್ಯಯದ ಸೂಚನೆಯನ್ನು ನೋಡಿ. ಇಂಥ ಉಪಕೇಂದ್ರದಲ್ಲಿ ತುರ್ತು ನಿರ್ವಹಣಾ ಕಾಮಗಾರಿ ಇರುವುದರಿಂದ ಇಂಥ ದಿನ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಈ ಬಡಾವಣೆಗಳಲ್ಲಿ, ಈ ಹಳ್ಳಿಗಳಲ್ಲಿ ವಿದ್ಯುತ್ ಇರುವುದಿಲ್ಲ. ಏಕೆ, ಯಾವಾಗ, ಎಲ್ಲಿ, ಎಷ್ಟು ಹೊತ್ತು ಎಂಬುದೆಲ್ಲ ಮೂರು ಸಾಲಿನಲ್ಲಿ ಬಂತು. ಹಿಟ್ಟಿನ ಗಿರಣಿಯವರು ಕೆಲಸವನ್ನು ಮುಂಚಿತವಾಗಿ ಮುಗಿಸಿಕೊಳ್ಳುತ್ತಾರೆ, ಮನೆಯವರು ಬೆಳಿಗ್ಗೆಯೇ ತೊಟ್ಟಿ ತುಂಬಿಸಿಕೊಳ್ಳುತ್ತಾರೆ, ಪಂಪ್‌ಸೆಟ್ ಇರುವವರು ನೀರು ಹಾಯಿಸುವುದನ್ನು ರಾತ್ರಿಗೆ ಹಾಕಿಕೊಳ್ಳುತ್ತಾರೆ. ಯಾರ ಹೊಗಳಿಕೆಯೂ ಇಲ್ಲದ ಈ ಪುಟ್ಟ ಬರಹ ಜಿಲ್ಲಾ ಪುಟದಲ್ಲಿ ಖಾಯಂ ಜಾಗ ಗಳಿಸಿರುವುದು ಈ ಉಪಯೋಗದಿಂದಲೇ. ಅದರಲ್ಲೂ ಕೊರತೆಯಿದೆ. ಕೆಲವೊಮ್ಮೆ ಊರುಗಳ ಬದಲು ‘ಎಫ್-4 ಫೀಡರ್ ವ್ಯಾಪ್ತಿ’ ಎಂದಷ್ಟೇ ಇರುತ್ತದೆ. ತನ್ನ ಮನೆ ಯಾವ ಫೀಡರಿಗೆ ಸೇರಿದ್ದು ಎಂದು ಗೊತ್ತಿರುವ ಗ್ರಾಹಕ ಅಪರೂಪ. ಲೈನ್‌ಮ್ಯಾನ್‌ಗೆ ತಿಳಿಯುವ ಭಾಷೆಯಲ್ಲಿ ಬರೆದದ್ದು ಪತ್ರಿಕೆ ಓದುವವನಿಗೆ ತಲುಪಲಿಲ್ಲ.

ಇದರ ಪಕ್ಕದಲ್ಲಿ ಒಂದು ಕಣ್ಣಿನ ಶಿಬಿರದ ಪ್ರಕಟಣೆಯನ್ನು ಇಟ್ಟು ನೋಡೋಣ. ಇದು ನಾನು ಕಟ್ಟಿಕೊಂಡ ಉದಾಹರಣೆ. ಆದರೆ ಪತ್ರಿಕೆ ಓದುವ ಯಾರಿಗೂ ಅಪರಿಚಿತವಲ್ಲ. ‘ನಗರದ ಪ್ರತಿಷ್ಠಿತ ಸೇವಾ ಸಂಸ್ಥೆಯ ಬೆಳ್ಳಿಹಬ್ಬದ ಅಂಗವಾಗಿ, ಜನಪ್ರಿಯ ಶಾಸಕರ ಘನ ಅಧ್ಯಕ್ಷತೆಯಲ್ಲಿ, ಮಾನ್ಯ ಜಿಲ್ಲಾಧಿಕಾರಿಗಳ ಗೌರವ ಉಪಸ್ಥಿತಿಯಲ್ಲಿ, ಪರಮಪೂಜ್ಯ ಶ್ರೀಗಳ ದಿವ್ಯ ಸಾನ್ನಿಧ್ಯದಲ್ಲಿ, ಸಂಸ್ಥೆಯ ಅಧ್ಯಕ್ಷರು ಹಾಗೂ ಸರ್ವ ಪದಾಧಿಕಾರಿಗಳ ಸಹಯೋಗದೊಂದಿಗೆ ನಾಳೆ ಬೃಹತ್ ಉಚಿತ ನೇತ್ರ ತಪಾಸಣಾ ಶಿಬಿರವನ್ನು ಹಮ್ಮಿಕೊಳ್ಳಲಾಗಿದೆ.’ ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಆದ್ದರಿಂದ ಕರ್ತೃ, ವಿಶೇಷಣ, ಗಣ್ಯರ ಸಾಲು ಬೆಳೆದಷ್ಟೂ ಏನು ನಡೆಯುತ್ತದೆ ಎಂಬ ವಿಷಯ ಹಿಂದಕ್ಕೆ ಸರಿಯುತ್ತದೆ. ಮೊದಲ ವಾಕ್ಯದಲ್ಲಿ ಮುಖ್ಯ ಸಂಗತಿ ಇರಲಿ ಎಂಬ ಸೂತ್ರ ಎಲ್ಲ ಭಾಷೆಗೂ ಒಂದೇ. ಆದರೆ ಕನ್ನಡದಲ್ಲಿ ಅದು ನೆರವೇರಬೇಕಾದರೆ ವಾಕ್ಯವೂ ಗಿಡ್ಡವಾಗಿರಬೇಕು. ಇನ್ನು ‘ನಾಳೆ’ ಎಂಬ ಮಾತು. ಶುಕ್ರವಾರ ಬರೆದ ಪ್ರಕಟಣೆ ಭಾನುವಾರ ಅಚ್ಚಾದರೆ ಓದುಗ ಸೋಮವಾರ ಬಂದು, ಶಿಬಿರ ಮುಗಿದ ಜಾಗದ ಮುಂದೆ ನಿಲ್ಲುತ್ತಾನೆ. ತಾರೀಖು, ವಾರ ಎರಡನ್ನೂ ಬರೆದರೆ ಈ ಅನಾಹುತವಿಲ್ಲ.

ಈ ಶಿಬಿರಕ್ಕೆ ಬರಬೇಕಾದವರು ಯಾರು? ಕಣ್ಣಿಗೆ ಪೊರೆ ಬಂದ, ಬಹುಮಟ್ಟಿಗೆ ತಾವೇ ಪತ್ರಿಕೆ ಓದಲಾಗದ ವಯಸ್ಸಾದವರು. ಸುದ್ದಿಯನ್ನು ಓದಿ ಹೇಳುವವರು ಅವರ ಮಗ, ಸೊಸೆ, ನೆರೆಯ ಅಂಗಡಿಯವರು. ಹೇಳುವವರಿಗೆ ಬೇಕಾದ ವಿವರ ಇಷ್ಟು: ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಆಸ್ಪತ್ರೆ. ತಪಾಸಣೆ ಮಾತ್ರ ಉಚಿತವೋ, ಶಸ್ತ್ರಚಿಕಿತ್ಸೆಯೂ ಉಚಿತವೋ. ಶಸ್ತ್ರಚಿಕಿತ್ಸೆ ಬೇಕಾದರೆ ಅಂದೇ ಉಳಿಯಬೇಕೋ, ಜೊತೆಗೆ ಒಬ್ಬರು ಬರಬೇಕೋ, ಊಟದ ವ್ಯವಸ್ಥೆ ಉಂಟೋ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ತೆಗೆದುಕೊಳ್ಳುತ್ತಿರುವ ಮಾತ್ರೆಯ ಚೀಟಿ ತರಬೇಕೋ. ಕೇಳಲು ಯಾವ ದೂರವಾಣಿ. ಇಷ್ಟನ್ನೂ ಆರು ಪುಟ್ಟ ವಾಕ್ಯಗಳಲ್ಲಿ ಬರೆಯಬಹುದು. ‘ಕಣ್ಣಿನ ಪೊರೆ ಇರುವವರಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಇಂಥ ತಾರೀಖಿನ ಭಾನುವಾರ ಬೆಳಿಗ್ಗೆ 9ರಿಂದ ಮಧ್ಯಾಹ್ನ 1ರವರೆಗೆ ಉಚಿತ ತಪಾಸಣೆ ನಡೆಯಲಿದೆ’ ಎಂದು ಆರಂಭಿಸಿದರೆ ಉಪಸಂಪಾದಕರಿಗೆ ತಿದ್ದಲು ಏನೂ ಇರುವುದಿಲ್ಲ. ಶೀರ್ಷಿಕೆಯೂ ಅದರಲ್ಲೇ ಇದೆ. ಗಣ್ಯರ ಹೆಸರು ಬಿಟ್ಟರೆ ಅವರು ಬೇಸರ ಮಾಡಿಕೊಳ್ಳುತ್ತಾರೆ, ಶಿಷ್ಟಾಚಾರದ ಉಲ್ಲಂಘನೆ ಎಂಬ ನೋಟಿಸು ಬರುತ್ತದೆ ಎಂಬ ಅಂಜಿಕೆ ನಮ್ಮಲ್ಲಿ ಸುಳ್ಳಲ್ಲ. ಅದಕ್ಕೆ ಹೆಸರುಗಳನ್ನು ಬಿಡಬೇಕಾಗಿಲ್ಲ, ಕೊನೆಯ ಪ್ಯಾರಾದಲ್ಲಿ ಹುದ್ದೆಯೊಂದಿಗೆ ಸರಿಯಾದ ಕಾಗುಣಿತದಲ್ಲಿ ಕೊಟ್ಟರೆ ಸಾಕು. ಜಾಗ ಸಾಲದಿದ್ದಾಗ ಪತ್ರಿಕೆಯಲ್ಲಿ ಸುದ್ದಿಯನ್ನು ಕೆಳಗಿನಿಂದ ಕತ್ತರಿಸುತ್ತಾರೆ. ಶಾಸಕರ ಹೆಸರು ಹೋದರೂ ಪೊರೆಯ ರೋಗಿಗೆ ವೇಳೆ ಸಿಕ್ಕರೆ ಆ ಶಿಬಿರ ನಡೆದ ಉದ್ದೇಶ ಈಡೇರಿತು. ಹೆಸರು ಉಳಿದು ವೇಳೆ ಹೋದರೆ ಶಾಸಕರಿಗೂ ಖಾಲಿ ಕುರ್ಚಿಗಳೇ ಎದುರಾಗುತ್ತವೆ.

ಅಂಕಿಗಳ ವಿಷಯದಲ್ಲಿ ಇನ್ನೂ ಸೂಕ್ಷ್ಮವಾದ ಹೊಣೆಯಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟು ಸರಪಳಿ ಕಡಿದು ಕೊಚ್ಚಿಹೋಯಿತು. ಜಲಾಶಯ ತುಂಬಿತ್ತು. ಒತ್ತಡ ಕಡಿಮೆ ಮಾಡಲು 33 ಗೇಟುಗಳಿಂದಲೂ ನೀರು ಬಿಡಬೇಕಾಯಿತು, ಹೊರಹರಿವು ಲಕ್ಷ ಕ್ಯುಸೆಕ್‌ನ ಸುತ್ತ ಇತ್ತು. ಇಂಥ ರಾತ್ರಿ ಹೊರಡುವ ಪ್ರಕಟಣೆಗೆ ಎರಡು ಬಗೆಯ ಓದುಗರಿರುತ್ತಾರೆ, ಇಬ್ಬರ ಭಯವೂ ಬೇರೆ. ನದಿ ದಂಡೆಯವರ ಭಯ ನೀರು ಹೆಚ್ಚು ಬರುವುದು, ಕಾಲುವೆ ಕೊನೆಯ ರೈತರ ಭಯ ನೀರು ಇಲ್ಲವಾಗುವುದು. ‘ಹೊರಹರಿವು ಒಂದು ಲಕ್ಷ ಕ್ಯುಸೆಕ್’ ಎಂಬ ಒಂದು ಸಾಲು ಇಬ್ಬರಿಗೂ ಉತ್ತರ ಕೊಡುವುದಿಲ್ಲ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಲಕ್ಷ ಕ್ಯುಸೆಕ್ ಇಡೀ ದಿನ ಹರಿದರೆ 8.64 ಟಿಎಂಸಿ ಅಡಿ ನೀರು ಖಾಲಿ. ಜಲಾಶಯದ ಸಾಮರ್ಥ್ಯ 105.79 ಟಿಎಂಸಿ ಅಡಿ ಎಂಬುದನ್ನು ಜೊತೆಗೆ ಹೇಳಿದರೆ ಸಿಂಧನೂರಿನ ಭತ್ತದ ರೈತನಿಗೆ ತನ್ನ ಬೆಳೆಯ ಲೆಕ್ಕ ಹಾಕಲು ಆಧಾರ ಸಿಗುತ್ತದೆ. ನದಿ ದಂಡೆಯವರಿಗೆ ಬೇಕಾದದ್ದು ಲೀಟರೂ ಅಲ್ಲ, ಟಿಎಂಸಿಯೂ ಅಲ್ಲ. ಕಂಪ್ಲಿ–ಗಂಗಾವತಿ ಸೇತುವೆ ಮುಳುಗುವ ಮಟ್ಟಕ್ಕೆ ನೀರು ಬರುತ್ತದೆಯೇ, ಬಂದರೆ ಎಷ್ಟು ಹೊತ್ತಿಗೆ, ದನಕರು ಎಲ್ಲಿಗೆ ಸಾಗಿಸಬೇಕು, ಪಂಪ್‌ಸೆಟ್ ಮೇಲಕ್ಕೆತ್ತಬೇಕೇ ಎಂಬ ಪ್ರಶ್ನೆಗಳು ಅವರವು. ಎಂಜಿನಿಯರು ಕ್ಯುಸೆಕ್ ಲೆಕ್ಕವನ್ನು ಸರಿಯಾಗಿಯೇ ಕೊಡುತ್ತಾರೆ. ಅದನ್ನು ಸೇತುವೆಯ ಹೆಸರಿಗೆ, ಗಂಟೆಗೆ, ಊರಿಗೆ ಇಳಿಸುವುದು ಪ್ರಕಟಣೆ ಬರೆಯುವವರ ಕೆಲಸ. ಇನ್ನೂ ಖಚಿತವಾಗದ ಸಂಗತಿ ಇದ್ದರೆ ಅದನ್ನೂ ಹೇಳಬೇಕು: ಗೇಟು ಕೂರಿಸಲು ಎಷ್ಟು ದಿನ ಹಿಡಿಯುತ್ತದೆ ಎಂದು ತಜ್ಞರು ನೋಡುತ್ತಿದ್ದಾರೆ, ನಾಳೆ ಬೆಳಿಗ್ಗೆ ಇಷ್ಟು ಹೊತ್ತಿಗೆ ಮುಂದಿನ ಮಾಹಿತಿ ಕೊಡುತ್ತೇವೆ. ಆತಂಕದ ಹೊತ್ತಿನಲ್ಲಿ ಜನರನ್ನು ಸಮಾಧಾನದಲ್ಲಿಡುವುದು ‘ಯಾರೂ ಆತಂಕಪಡುವ ಅಗತ್ಯವಿಲ್ಲ’ ಎಂಬ ಸಾಲಿಗಿಂತ ಮುಂದಿನ ಮಾಹಿತಿ ಬರುವ ಗಂಟೆ.

ಬರೆದದ್ದು ಡೆಸ್ಕ್ ತಲುಪುವ ದಾರಿಯ ಬಗ್ಗೆಯೂ ಒಂದೆರಡು ಮಾತು. ಪ್ರಕಟಣೆಯನ್ನು ಅಚ್ಚು ಹಾಕಿ, ಸಹಿ ಮಾಡಿ, ಅದರ ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವವರು ಬಹಳ. ಅದನ್ನು ಯಾರಾದರೂ ಕೂತು ಮತ್ತೆ ಟೈಪ್ ಮಾಡಬೇಕು. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಕಳುಹಿಸಿದ್ದನ್ನು ಯುನಿಕೋಡ್‌ಗೆ ಬದಲಿಸುವಾಗ ಒತ್ತಕ್ಷರ, ಅರ್ಕಾವತ್ತು, ಕೆಲವೊಮ್ಮೆ ಅಂಕಿಗಳೂ ಕೆಡುತ್ತವೆ. ಸಹಿ ಇರುವ ಪ್ರತಿಯ ಜೊತೆಗೆ ಯುನಿಕೋಡ್ ಪಠ್ಯವನ್ನೂ ಕಳುಹಿಸಿದರೆ ತಪ್ಪಿನ ಅರ್ಧ ಅಲ್ಲೇ ತಪ್ಪುತ್ತದೆ. ಚಿತ್ರವನ್ನು ಕುಗ್ಗಿಸದೆ ಕಳುಹಿಸಬೇಕು, ಎಡದಿಂದ ಯಾರು ಯಾರು ಎಂದು ಬರೆಯಬೇಕು. ಪುಟ ಮುಗಿಯುವ ಹೊತ್ತಿಗೆ ಕಳುಹಿಸಿ ಹತ್ತು ಸಲ ಫೋನ್ ಮಾಡುವುದಕ್ಕಿಂತ ಮಧ್ಯಾಹ್ನದೊಳಗೆ ಕಳುಹಿಸಿ, ವರದಿಗಾರ ಕರೆ ಮಾಡಿದಾಗ ಉತ್ತರಿಸಬಲ್ಲ ಒಬ್ಬರ ಹೆಸರು, ಸಂಖ್ಯೆ ಕೊಡುವುದು ಮೇಲು. ಆ ಒಬ್ಬರು ವಿಷಯ ಗೊತ್ತಿರುವವರೇ ಆಗಿರಬೇಕು.

ಈಗ ನನ್ನ ವಾದಕ್ಕೆ ಬರಬಹುದಾದ ಗಂಭೀರ ಆಕ್ಷೇಪ. ಪ್ರಕಟಣೆಗಳು ಇಷ್ಟು ಅಚ್ಚುಕಟ್ಟಾದರೆ ಪತ್ರಿಕೆಗಳು ಅವನ್ನೇ ನೆಚ್ಚಿಕೊಳ್ಳುತ್ತವೆ, ವರದಿಗಾರ ಊರು ಸುತ್ತುವುದು ನಿಲ್ಲುತ್ತದೆ, ಅಧಿಕಾರದಲ್ಲಿ ಇರುವವರು ಹೇಳಿದ್ದೇ ಸುದ್ದಿಯಾಗುತ್ತದೆ. ಈ ಭಯಕ್ಕೆ ಆಧಾರವಿದೆ. ಬ್ರಿಟಿಷ್ ಪತ್ರಕರ್ತ ನಿಕ್ ಡೇವಿಸ್ ಅವರ 2008ರ ಪುಸ್ತಕಕ್ಕಾಗಿ ಅದೇ ಕಾರ್ಡಿಫ್‌ನ ಬೇರೊಂದು ತಂಡ ಬ್ರಿಟನ್ನಿನ ಐದು ಪ್ರಮುಖ ದಿನಪತ್ರಿಕೆಗಳ ಎರಡು ಸಾವಿರಕ್ಕೂ ಹೆಚ್ಚು ಸುದ್ದಿಗಳನ್ನು ಪರಿಶೀಲಿಸಿತ್ತು. ಶೇ 60ರಷ್ಟು ಸುದ್ದಿಗಳು ಪೂರ್ತಿಯಾಗಿ ಅಥವಾ ಬಹುಪಾಲು ಸುದ್ದಿಸಂಸ್ಥೆಗಳಿಂದ, ಪ್ರಚಾರ ಸಾಮಗ್ರಿಯಿಂದ ಬಂದವು. ಪೂರ್ತಿಯಾಗಿ ವರದಿಗಾರರದೇ ಎಂದು ಹೇಳಬಹುದಾದವು ಶೇ 12 ಮಾತ್ರ. ಇದು ಪತ್ರಿಕೆಗಳು ಉತ್ತರಿಸಬೇಕಾದ ಪ್ರಶ್ನೆ, ನಾನು ಅದನ್ನು ಹಗುರ ಮಾಡುವುದಿಲ್ಲ. ಆದರೆ ಕೆಟ್ಟ ಪ್ರಕಟಣೆ ಇದಕ್ಕೆ ಮದ್ದಲ್ಲ. ಗೋಜಲಾದ ಪ್ರಕಟಣೆಯನ್ನು ಬಿಡಿಸಿ ಬರೆಯುವುದರಲ್ಲಿ ಉಪಸಂಪಾದಕರ ಒಂದು ಗಂಟೆ ಕಳೆದರೆ, ಆ ಗಂಟೆ ಪ್ರಶ್ನೆ ಕೇಳಲು ಸಿಗುವುದಿಲ್ಲ. ಸ್ಪಷ್ಟವಾಗಿ, ಅಂಕಿ ಸಮೇತ, ಮೂಲ ದಾಖಲೆಯ ಸಂಖ್ಯೆ ಕೊಟ್ಟು ಬರೆದ ಪ್ರಕಟಣೆಯನ್ನೇ ಸುಲಭವಾಗಿ ಪ್ರಶ್ನಿಸಬಹುದು. ‘ಶೀಘ್ರದಲ್ಲೇ ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎಂಬ ಸಾಲನ್ನು ಯಾರೂ ಸುಳ್ಳೆಂದು ಸಾಬೀತು ಮಾಡಲಾರರು. ‘ಡಿಸೆಂಬರ್ 15ರೊಳಗೆ ರಸ್ತೆಯ ಗುಂಡಿ ಮುಚ್ಚುತ್ತೇವೆ’ ಎಂದರೆ ಡಿಸೆಂಬರ್ 16ಕ್ಕೆ ವರದಿಗಾರನಿಗೆ ಹೋಗಿ ನೋಡಲು ಜಾಗವಿದೆ, ಓದುಗನಿಗೆ ಕೇಳಲು ಹಕ್ಕಿದೆ.

ಸರ್ಕಾರಿ ಕಚೇರಿಗಳಿಗಂತೂ ಹೀಗೆ ಸ್ಪಷ್ಟವಾಗಿ ತಿಳಿಸುವುದು ಕಾನೂನಿನ ಕರ್ತವ್ಯವೇ ಆಗಿದೆ. 2005ರ ಮಾಹಿತಿ ಹಕ್ಕು ಕಾಯ್ದೆ ಎಂದರೆ ಅರ್ಜಿ ಹಾಕಿ ಹತ್ತು ರೂಪಾಯಿ ಕಟ್ಟಿ ಕೇಳುವುದು ಎಂದಷ್ಟೇ ನಮ್ಮಲ್ಲಿ ಪ್ರಚಾರವಾಗಿದೆ. ಅದರ 4ನೇ ಸೆಕ್ಷನ್ ಕೇಳದೆಯೇ ಕೊಡಬೇಕಾದ ಮಾಹಿತಿಯ ಬಗ್ಗೆ ಇದೆ. ಜನರನ್ನು ಬಾಧಿಸುವ ಮುಖ್ಯ ನೀತಿ ರೂಪಿಸುವಾಗ, ನಿರ್ಧಾರ ಪ್ರಕಟಿಸುವಾಗ ಸಂಬಂಧಪಟ್ಟ ಎಲ್ಲ ಸಂಗತಿಗಳನ್ನೂ ಪ್ರಕಟಿಸಬೇಕು. ಆಡಳಿತಾತ್ಮಕ ನಿರ್ಧಾರಗಳ ಕಾರಣವನ್ನು ಬಾಧಿತರಿಗೆ ತಿಳಿಸಬೇಕು. ಮಾಹಿತಿ ಹರಡುವಾಗ ಸ್ಥಳೀಯ ಭಾಷೆಯನ್ನೂ ಆ ಪ್ರದೇಶದಲ್ಲಿ ಹೆಚ್ಚು ಪರಿಣಾಮಕಾರಿಯಾದ ಮಾಧ್ಯಮವನ್ನೂ ಗಮನಿಸಬೇಕು ಎಂದು ಅದೇ ಸೆಕ್ಷನ್ ಹೇಳುತ್ತದೆ. ಬಸ್ಸಿನ ಮಾರ್ಗ ರದ್ದಾಗಿದೆ ಎಂಬ ಪ್ರಕಟಣೆಯಲ್ಲಿ ಏಕೆ ರದ್ದಾಯಿತು, ಬದಲಿ ಯಾವುದು ಎಂಬ ವಿವರ ಇಲ್ಲದಿದ್ದರೆ ಬರವಣಿಗೆ ದುರ್ಬಲವಾಯಿತು, ಕಾನೂನಿನ ಆಶಯವೂ ತಪ್ಪಿತು. ಕಾರಣ ಬರೆಯಲು ಅಧಿಕಾರಿಗಳು ಹಿಂಜರಿಯುವುದುಂಟು. ಬರೆದ ಕಾರಣವನ್ನು ನಾಳೆ ಯಾರೋ ಪ್ರಶ್ನಿಸುತ್ತಾರೆ ಎಂಬುದೇ ಆ ಹಿಂಜರಿಕೆ. ಪ್ರಶ್ನೆಗೆ ನಿಲ್ಲದ ಕಾರಣವಾದರೆ ನಿರ್ಧಾರವನ್ನೇ ಮತ್ತೊಮ್ಮೆ ನೋಡುವುದು ಒಳ್ಳೆಯದು. ಪ್ರಕಟಣೆಯ ಕರಡು ಬರೆಯುವ ಹೊತ್ತು ಅದಕ್ಕೆ ತಕ್ಕ ಸಮಯ.

ಮೊಬೈಲಿನಲ್ಲೇ ಎಲ್ಲವೂ ತಲುಪುವ ಈ ಕಾಲದಲ್ಲಿ ಪತ್ರಿಕೆಗೆ ಪ್ರಕಟಣೆ ಏಕೆ ಎಂದು ಕಿರಿಯರು ಕೇಳುತ್ತಾರೆ. ಕಚೇರಿ ತನ್ನ ಫೇಸ್‌ಬುಕ್ ಪುಟದಲ್ಲಿ ಹಾಕಿದ್ದನ್ನು ಸಂಜೆಗೆ ತಿದ್ದಬಹುದು, ಅಳಿಸಬಹುದು. ವಾಟ್ಸ್‌ಆ್ಯಪ್‌ನಲ್ಲಿ ಹರಿದು ಬಂದ ಸೂಚನೆ ಯಾರದು, ಈ ವರ್ಷದ್ದೋ ಹೋದ ವರ್ಷದ್ದೋ ಎಂದು ತಿಳಿಯುವುದು ಕಷ್ಟ. ಪತ್ರಿಕೆಯಲ್ಲಿ ಬಂದದ್ದಕ್ಕೆ ತಾರೀಖು ಇದೆ, ಹೇಳಿದವರ ಹೆಸರಿದೆ, ಎರಡನೆಯವರೊಬ್ಬರು ಓದಿ ಅಚ್ಚಿಗೆ ಬಿಟ್ಟಿದ್ದಾರೆ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಹೋಟೆಲಿನ ಮೇಜಿನ ಮೇಲೆ ಒಂದೇ ಪ್ರತಿ ಹತ್ತಾರು ಕೈ ದಾಟುತ್ತದೆ. ಕತ್ತರಿಸಿಟ್ಟ ತುಣುಕು ಪರಿಹಾರದ ಅರ್ಜಿಯ ಜೊತೆಗೆ ತಹಶೀಲ್ದಾರರ ಮೇಜಿಗೂ ಹೋಗುತ್ತದೆ. ಎರಡೂ ಮಾಧ್ಯಮ ಬೇಕು. ಆದರೆ ಹೊಣೆಯ ದಾಖಲೆಯಾಗಿ ಉಳಿಯುವುದು ಪತ್ರಿಕೆಯಲ್ಲಿ ಬಂದದ್ದು.

ದಾಖಲೆಯಾಗಿ ಉಳಿಯುವುದರಿಂದಲೇ ತಪ್ಪಿನ ಪ್ರಶ್ನೆ ಬರುತ್ತದೆ. ಎಷ್ಟೇ ಎಚ್ಚರ ವಹಿಸಿದರೂ ಪ್ರಕಟಣೆಯಲ್ಲಿ ತಪ್ಪು ನುಸುಳುತ್ತದೆ. ಆಗ ನಮ್ಮಲ್ಲಿ ಸಾಮಾನ್ಯವಾಗಿ ಮಾಡುವುದು ಎರಡು: ಸುಮ್ಮನಿರುವುದು, ಇಲ್ಲವೇ ಪತ್ರಿಕೆ ತಪ್ಪಾಗಿ ಬರೆದಿದೆ ಎನ್ನುವುದು. ಎರಡನೆಯದರಿಂದ ಆಗುವ ಹಾನಿ ದೊಡ್ಡದು, ಏಕೆಂದರೆ ಸಹಿ ಇರುವ ಮೂಲ ಪ್ರತಿ ಪತ್ರಿಕಾ ಕಚೇರಿಯಲ್ಲೇ ಇರುತ್ತದೆ. ಪ್ರತಿ ಪ್ರಕಟಣೆಗೂ ಕ್ರಮಸಂಖ್ಯೆ, ತಾರೀಖು, ಅದನ್ನು ಪರಿಶೀಲಿಸಿದವರ ಹುದ್ದೆ ಇದ್ದರೆ ತಿದ್ದುವುದು ಸರಳ. ತಿದ್ದುಪಡಿಯಲ್ಲಿ ಹಿಂದಿನ ಪ್ರಕಟಣೆಯ ಸಂಖ್ಯೆ ಹೇಳಬೇಕು, ಏನು ತಪ್ಪಾಗಿತ್ತು ಎಂದು ಹೇಳಬೇಕು, ಸರಿಯಾದದ್ದು ಯಾವುದು ಎಂದು ಹೇಳಬೇಕು. ‘ಕಾರಣಾಂತರಗಳಿಂದ’ ಎಂದು ಮರೆಮಾಚಬಾರದು. ಮೂಲ ಪ್ರಕಟಣೆ ಯಾವ ಯಾವ ಪತ್ರಿಕೆಗಳಿಗೆ ಹೋಗಿತ್ತೋ ಅವೆಲ್ಲಕ್ಕೂ ಅದೇ ದಿನ ತಿದ್ದುಪಡಿ ಹೋಗಬೇಕು, ಅಚ್ಚು ಹಾಕದೆ ಬಿಟ್ಟವರಿಗೂ. ಕಣ್ಣಿನ ಶಿಬಿರದ ದಿನ ಬದಲಾಗಿದ್ದರೆ ಹೊಸ ದಿನ ಮೊದಲ ವಾಕ್ಯದಲ್ಲೇ ಇರಬೇಕು. ಹಳೆಯ ದಿನಕ್ಕೇ ಬಂದುಬಿಡುವವರಿಗಾಗಿ ಆಸ್ಪತ್ರೆಯ ಬಾಗಿಲಲ್ಲಿ ಒಬ್ಬರು ನಿಂತಿರುತ್ತಾರೆ, ಅಂದೇ ಹೆಸರು ಬರೆಸಿ ಹೋಗಬಹುದು ಎಂಬುದು ಎರಡನೆಯ ವಾಕ್ಯವಾಗಬೇಕು.